ಬೇವಿನ ಅಂಗಳದ ಬಾಗಿಲು

"ಹಿಂದಿನ ಗೇಟಿಗೇ ತನ್ನಿ ಸಾರ್, ವ್ಯಾನ್ ಅಲ್ಲೇ ನಿಲ್ಸಿದೀವಿ," ಎಂದರು ಆಸ್ಪತ್ರೆಯ ಮ್ಯಾನೇಜರ್ ದೇವಸಹಾಯಂ.

ಶವಾಗಾರದ ಬೆಂಚಿನ ಮೇಲೆ ಕೂತಿದ್ದ ತಂಗವೇಲು ಏಳಲಿಲ್ಲ. ಪಕ್ಕದಲ್ಲೇ ಸ್ಟ್ರೆಚರಿನ ಮೇಲೆ ಅವರ ಹೆಂಡತಿ ಮಂಗೈಯರ್ಕರಸಿ, ಎಲ್ಲರ ಬಾಯಲ್ಲಿ ಅರಸಿ, ಇದ್ದರು. ಮಧುರೈಯ ಈ ಆಸ್ಪತ್ರೆಗೆ ನಕ್ಷೆ ಬರೆದವರು ಅವರೇ. ಬೆಳಗಿನ ಜಾವ ಇಲ್ಲಿಯ ಎರಡನೇ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದ ಮೇಲೆ ಹೋಗಿಬಿಟ್ಟಿದ್ದರು. ಇನ್ನು ಮನೆಗೆ ಒಯ್ದು, ಸ್ನಾನ ಮಾಡಿಸಿ, ಸಂಜೆಯೊಳಗೆ ತತ್ತನೇರಿಯ ಸುಡುಗಾಡು ಸೇರಿಸಬೇಕು.

"ಮುಂದಿನ ಬಾಗಿಲು ತೆಗೀರಿ," ಎಂದರು ತಂಗವೇಲು.

"ಅದು ಮುಚ್ಚಿ ಎಷ್ಟೋ ವರ್ಷ ಆಯ್ತು ಸಾರ್. ಹೊರಗೆ ಅಂಗಳದ ತುಂಬ ನರ್ಸ್‌ಗಳ ಸ್ಕೂಟರು. ಅಲ್ದೆ ಅದು ರೋಗಿಗಳು ಬರೋ ದಾರಿ. ಬೆಳಗ್ಗೆ ಬೆಳಗ್ಗೆ ಹೆಣ ಎದುರಾದ್ರೆ ಅವರೇನು ಅಂದ್ಕೋತಾರೆ?"

"ಏನಂದ್ಕೋತಾರೆ? ಇಲ್ಲಿ ಯಾರೂ ಸಾಯೋದೇ ಇಲ್ಲ ಅಂತ ನಂಬ್ಕೊಂಡು ಬರ್ತಾರಾ?" ಎಂದು ಎದ್ದುನಿಂತಳು ಅರಸಿಯ ತಂಗಿ ಪೂಂಗೊಡಿ.

"ಅಮ್ಮಾ, ನಂಗೂ ಅವರಂದ್ರೆ ಗೌರವ. ಹಾಲ್‌ನಲ್ಲಿ ಅವರ ಫೋಟೋ ಹಾಕ್ಸಿದ್ದು ನಾನೇ."

"ಫೋಟೋ ಮುಂದುಗಡೆ, ಹೆಣ ಹಿಂದುಗಡೆ. ಚೆನ್ನಾಗಿದೆ ನಿಮ್ಮ ಗೌರವ."

ದೇವಸಹಾಯಂ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ಆಸ್ಪತ್ರೆ ಖಾಲಿಯಾದರೆ ಮೇಲಿನವರ ಹತ್ತಿರ ಬೈಸಿಕೊಳ್ಳಬೇಕಾದವರು ಅವರೇ, ಅಷ್ಟೆ.

*

ಆಸ್ಪತ್ರೆ ಕಟ್ಟುವಾಗ ಟ್ರಸ್ಟಿನ ಅಧ್ಯಕ್ಷರಿಗೆ ಮುಂದುಗಡೆಯೆಲ್ಲ ಗಾಜು ಬೇಕಿತ್ತು. "ರೋಗಿಗಳನ್ನ ಬೇಯಿಸೋದಾದ್ರೆ ಹಾಕ್ಸಿ ಸಾರ್, ಮಧುರೈ ಬಿಸಿಲಿಗೆ ಒಲೆ ಖರ್ಚೂ ಉಳಿಯುತ್ತೆ," ಎಂದಿದ್ದರು ಅರಸಿ. ಗಾಳಿ ಈ ಕಡೆಯಿಂದ ಆ ಕಡೆಗೆ ಹಾಯಲೆಂದು ವಾರ್ಡುಗಳನ್ನು ಸಣ್ಣಗೆ, ಉದ್ದಕ್ಕೆ ಮಾಡಿದರು. ನಡುವೆ ಅಂಗಳಗಳನ್ನು ಬಿಟ್ಟರು. ತೊಳೆದ ನೀರನ್ನೆಲ್ಲ ಜೊಂಡಿನ ಕೊಳದಲ್ಲಿ ತಿಳಿಮಾಡಿ ಬೇವಿನ ಮರಗಳಿಗೆ ಹಾಯಿಸಿದರು. ಪತ್ರಿಕೆಯವರು ಬಂದು ಕೊಳದ ಮುಂದೆ ಅವರನ್ನು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು.

ಆದರೆ ಅರಸಿ ಹಟ ಹಿಡಿದದ್ದು ಒಂದು ಬಾಗಿಲಿಗೆ. ಹಿತ್ತಲಲ್ಲಿ ಗುರುತು ಮಾಡಿದ್ದ ಶವಾಗಾರವನ್ನು ತಂದು ಮುಂದಿನ ಬೇವಿನ ಅಂಗಳಕ್ಕೆ ಬಾಗಿಲು ತೆರೆಯುವಂತೆ ಕೂಡಿಸಿದ್ದರು.

"ಗಾಳಿ, ನೀರು, ಮರ ಎಲ್ಲ ಒಪ್ಕೊಂಡೆ ಮೇಡಂ. ಹೆಣದ ಮನೇನ ಯಾಕೆ ಮುಂದಕ್ಕೆ ತರ್ತೀರಿ?" ಎಂದು ಅಧ್ಯಕ್ಷರು ಕೇಳಿದರು.

"ನಮ್ಮಪ್ಪನ್ನ ಒಂದು ಆಸ್ಪತ್ರೆಯಿಂದ ಹೊರಗೆ ತಂದಾಗ ಈ ಕಡೆ ಬಾಯ್ಲರು, ಆ ಕಡೆ ಕಸದ ಡ್ರಮ್ಮು. ನಮ್ಮಮ್ಮ ಸೀರೆ ಎತ್ತಿ ಹಿಡ್ಕೊಂಡು ಕೊಚ್ಚೆ ದಾಟ್ತಿದ್ಲು. ಅಳೋಕೂ ಪುರುಸೊತ್ತಿರ್ಲಿಲ್ಲ ಅವಳಿಗೆ." ಆಮೇಲೆ ಅರಸಿ ಸೇರಿಸಿದರು: "ಮರದ ಕೆಳಗೆ ಅತ್ರೆ ಕರೆಂಟ್ ಬಿಲ್ಲೂ ಬರಲ್ಲ ಸಾರ್."

ಅಧ್ಯಕ್ಷರು ನಕ್ಕು ಒಪ್ಪಿಬಿಟ್ಟರು.

ಅವರ ಕಾಲ ಮುಗಿದ ಮೇಲೆ ಬಾಗಿಲಿಗೆ ಬೀಗ ಬಿತ್ತು. ಒಮ್ಮೆ ರಕ್ತ ಪರೀಕ್ಷೆಗೆ ಬಂದ ಅರಸಿ, ಜೊತೆಗಿದ್ದ ತಮ್ಮ ಹಳೆಯ ಎಂಜಿನಿಯರ್ ಪೀರ್ ಮುಹಮ್ಮದರಿಗೆ ಸ್ಕೂಟರುಗಳನ್ನು ತೋರಿಸಿದರು.

"ನಂದೇ ತಪ್ಪು ಪೀರು. ಗಾಡಿಗಳಿಗೆ ಜಾಗ ಕೊಟ್ರೆ ಹೊಗೆ ಜಾಸ್ತಿ, ಎಲ್ಲರೂ ಬಸ್ಸಲ್ಲೇ ಬರ್ಲಿ ಅಂತ ನಕ್ಷೇಲಿ ಜಾಗಾನೇ ಬಿಡ್ಲಿಲ್ಲ. ರಾತ್ರಿ ಪಾಳಿ ಮುಗಿಸಿದ ಹುಡುಗೀರು ಯಾವ ಬಸ್ಸಿಗೆ ಹೋಗ್ಬೇಕು, ಹೇಳು?"

ಮನೆಗೆ ಬಂದು ಗಂಡನಿಗೆ ಮಾತ್ರ, "ನನ್ನ ದಿನ ಬಂದಾಗ ಆ ಬಾಗಿಲಿಂದಾನೇ ಕರ್ಕೊಂಡ್ ಹೋಗಿ," ಎಂದಿದ್ದರು.

*

ಹಿಂದಿನ ಗೇಟು ನೋಡಿಬರಲು ಹೋಗಿದ್ದ ಪೀರ್ ಮುಹಮ್ಮದ್ ಬೆವರುತ್ತ ಬಂದರು.

"ಅಲ್ಲಿ ಜನರೇಟರ್ ತಂದಿಟ್ಟು ತಿರುವು ಇಕ್ಕಟ್ಟಾಗಿದೆ ಅಣ್ಣಾ. ಸ್ಟ್ರೆಚರ್ ತಿರುಗಲ್ಲ. ಅಕ್ಕನ್ನ ಓರೆ ಮಾಡಿ ಎತ್ಬೇಕಾಗುತ್ತೆ."

"ಓರೆ ಮಾಡೋದು ಬೇಡ. ನಾನು ಇಲ್ಲೇ ಕೂತಿರ್ತೀನಿ," ಎಂದರು ತಂಗವೇಲು. ದನಿ ಏರಿಸಲಿಲ್ಲ.

"ಸಾರ್, ಅಷ್ಟು ಸ್ಕೂಟರ್ ಯಾರು ತೆಗೀತಾರೆ? ಎಲ್ಲರೂ ಡ್ಯೂಟೀಲಿದಾರೆ," ಎಂದರು ದೇವಸಹಾಯಂ.

"ನಂದು ನಾನು ತೆಗೀತೀನಿ," ಎಂದಿತು ಹಿಂದಿನಿಂದ ಒಂದು ದನಿ. ಎರಡನೇ ವಾರ್ಡಿನ ನರ್ಸ್ ಜೆಸಿಂತಾ. ರಾತ್ರಿಯೆಲ್ಲ ಅರಸಿಯ ಪಕ್ಕ ಇದ್ದವಳು. ಉಳಿದ ಗಾಡಿಗಳ ಬೀಗದಕೈಯನ್ನೂ ಗೊಂಚಲಾಗಿ ಹಿಡಿದು ತಂದಿದ್ದಳು. ಆಯಾಗಳಿಬ್ಬರು ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕಿಳಿದರು. ಸ್ಕೂಟರುಗಳು ಒಂದೊಂದಾಗಿ ಬಿಸಿಲಿಗೆ ಸರಿದವು. ಕೊನೆಗೆ ಬಾಗಿಲಿಗೆ ಅಡ್ಡವಾಗಿ ಒಂದು ದಪ್ಪ ಬೈಕ್ ಉಳಿಯಿತು.

"ಇದು ಯಾವನದು? ಹ್ಯಾಂಡಲ್ ಬೇರೆ ಲಾಕ್ ಮಾಡಿದಾನೆ," ಎಂದಳು ಪೂಂಗೊಡಿ.

ಜೆಸಿಂತಾ ನೆಲ ನೋಡಿದಳು. "ಅದು ಮ್ಯಾನೇಜರ್ ಸಾರ್‌ದು ಅಮ್ಮಾ."

ದೇವಸಹಾಯಂ ಜೇಬು ತಡವಿಕೊಂಡರು. ಹೋಗಿ ಬೈಕನ್ನು ತಾವೇ ತಳ್ಳಿ ಗೋಡೆಗೆ ಒರಗಿಸಿ ಬಂದರು. ಬಾಗಿಲ ಬೀಗ ತುಕ್ಕು ಹಿಡಿದಿತ್ತು. ಪೀರ್ ಮುಹಮ್ಮದ್ ಕಲ್ಲಿನಿಂದ ಎರಡು ಏಟು ಕೊಟ್ಟ ಮೇಲೆ ಕಳಚಿ ಬಿತ್ತು.

"ಪರೈ ತಮಟೆ ಬಡಿಯೋದು, ಪಟಾಕಿ, ಒಂದೂ ಬೇಡ. ದಯವಿಟ್ಟು," ಎಂದರು ದೇವಸಹಾಯಂ.

"ಬೀದಿ ಸೇರೋವರೆಗೆ ಬೇಡ," ಎಂದಳು ಪೂಂಗೊಡಿ.

ಬೇವಿನ ನೆರಳಲ್ಲಿ ಸ್ಟ್ರೆಚರ್ ಹೊರಟಿತು. ಅರ್ಧ ದಾರಿಗೆ ಬರುವಷ್ಟರಲ್ಲಿ ಗೇಟಿನಿಂದ ಒಂದು ಆಟೋ ಒಳಗೆ ನುಗ್ಗಿತು. ಒಳಗೆ ತುಂಬು ಬಸುರಿ, ತುಟಿ ಕಚ್ಚಿಕೊಂಡಿದ್ದಳು. ಪಕ್ಕದಲ್ಲಿ ಅವಳ ಅತ್ತೆ.

ದೇವಸಹಾಯಂ ಬಿಳಿಚಿಕೊಂಡು ಓಡಿದರು. "ಹಿಂದೆ ಹೋಗಪ್ಪಾ, ಹಿಂದೆ! ಸುತ್ತಿಕೊಂಡು ಬಾ!"

ಮುದುಕಿ ತಲೆ ಹೊರಗೆ ಹಾಕಿದಳು. "ಯಾರಪ್ಪಾ ಹೋಗಿದ್ದು?"

"ಈ ಆಸ್ಪತ್ರೆಗೆ ನಕ್ಷೆ ಬರೆದ ಅಮ್ಮ, ಅಜ್ಜೀ..."

"ಮುತ್ತೈದೆ ತಾನೇ?"

"ಹೌದು."

"ಮತ್ಯಾಕಯ್ಯ ಓಡಿಸ್ತೀಯ?" ಮುದುಕಿ ಸೊಸೆಯ ಭುಜ ತಟ್ಟಿದಳು. "ಎದುರಿಗೇ ಬಂದಿದಾಳಲ್ಲೇ. ಸುಖವಾಗಿ ಹೆರ್ತೀಯ ಬಿಡು, ಕೈ ಮುಗಿ."

ತಂಗವೇಲು ಕೈ ಎತ್ತಿ ಸ್ಟ್ರೆಚರ್ ನಿಲ್ಲಿಸಿದರು. "ಮೊದ್ಲು ಅವರು ಹೋಗ್ಲಿ."

ಆಟೋ ಮೆಲ್ಲಗೆ ಪಕ್ಕದಲ್ಲಿ ಹಾದುಹೋಯಿತು. ಮುದುಕಿ ಸೊಸೆಯ ಜಡೆಯಿಂದ ಕಿತ್ತು ಎಸೆದ ಮಲ್ಲಿಗೆಯ ತುಂಡು ಗುರಿ ತಪ್ಪಿ ಮಣ್ಣಿಗೆ ಬಿತ್ತು. ದೇವಸಹಾಯಂ ಬಗ್ಗಿ ಅದನ್ನೆತ್ತಿ, ಉಫ್ ಎಂದು ಧೂಳು ಊದಿ, ಅರಸಿಯ ಪಾದದ ಹತ್ತಿರ ಇಟ್ಟರು.