ಯಜಮಾನ್ರಿಗೆ ಪಾಲಿಶ್

ಸುಮ್ಮನಿರದ ಕೈಗೆ ಜೀವ ಇರುವುದನ್ನು ಒಪ್ಪಿಸಬಾರದು ನೋಡಿ. ಆದರೆ ನಮ್ಮ ಬಡಗಿಯ ಅಕ್ಕ ಒಪ್ಪಿಸಿದಳು. ಮಂಡಿ ಆಪರೇಷನ್ನಿಗೆ ಹೊರಟವಳು, ಹದಿನೈದು ದಿನದ ಮಟ್ಟಿಗೆ ತನ್ನ ಆಮೆಯನ್ನು ತಮ್ಮನ ಮನೆಯಲ್ಲಿ ಬಿಟ್ಟಳು. ಭಾವ ತೀರಿಕೊಂಡ ಮೇಲೆ ಅವಳಿಗೆ ಜೊತೆ ಅಂತ ಇದ್ದದ್ದು ಅದೊಂದೇ. ಅದಕ್ಕೇ ಅದರ ಹೆಸರು ಯಜಮಾನ್ರು.

"ಸೊಪ್ಪು ಹಾಕು, ಬಿಸಿಲಿಗೆ ಬಿಡು, ತಟ್ಟೇಲಿ ನೀರಿಡು. ಇನ್ನೇನೂ ಮಾಡೋಕೆ ಹೋಗ್ಬೇಡ ಕಣೋ," ಅಂದಿದ್ದಳು. ಇವನು ಕೇಳಬೇಕಲ್ಲ!

ತಾಯಿಯಿಲ್ಲದ ಇವನನ್ನು ಎತ್ತಿ ಬೆಳೆಸಿದವಳು ಆ ಅಕ್ಕ. ಅವಳು ವಾಪಸ್ ಬಂದಾಗ ಖುಷಿಪಡಬೇಕು ಅಂತ ಇವನ ಆಸೆ. ಆಮೆಯ ಚಿಪ್ಪು ನೋಡಿದರೆ ಗೀರು ಬಿದ್ದು, ಬಣ್ಣಗೆಟ್ಟು, ಹಳೇ ಸ್ಟೂಲಿನ ಹಾಗಿತ್ತು. ಭಾನುವಾರ ಬೆಳಿಗ್ಗೆ ಮರಳು ಕಾಗದ ಹಿಡಿದು ಕೂತೇಬಿಟ್ಟ. ಮೊದಲು ಒರಟು ಕಾಗದ, ಆಮೇಲೆ ನಯದ್ದು, ಮೇಲೆ ಎರಡು ಕೋಟು ವಾರ್ನಿಷ್. ಉಜ್ಜಲು ಶುರು ಮಾಡಿದ್ದೇ ಯಜಮಾನ್ರು ತಲೆ, ಕಾಲು ಎಲ್ಲ ಒಳಗೆಳೆದುಕೊಂಡರು.

"ಭೇಷ್! ಗಿರಾಕಿಗಳೆಲ್ಲ ಹಿಂಗೇ ತೆಪ್ಪಗೆ ಕೂತಿದ್ರೆ ನಾನು ಯಾವತ್ತೋ ಉದ್ಧಾರ ಆಗ್ತಿದ್ದೆ," ಅಂತ ತಮಾಷೆ ಬೇರೆ.

ಮೂರು ದಿನವಾದರೂ ಆಮೆ ಸೊಪ್ಪು ಮೂಸಲಿಲ್ಲ. ಬಡಗಿ ಅದನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಓಡಿದ.

"ಯಾರ್ರೀ ಇದನ್ನ ಹಿಂಗೆ ಉಜ್ಜಿದ್ದು?"

"ಹೊಳಪು ಬರ್ಲಿ ಅಂತ ನಾನೇ..."

"ಇದೇನು ಮರಾನಾ? ಚಿಪ್ಪಿನ ಕೆಳಗೆ ನರ ಇದೆ ರೀ, ನೋಯುತ್ತೆ. ಕೂಗೋಕೆ ಬರಲ್ಲ ಅಷ್ಟೇ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ತೆಪ್ಪಗೆ ಕೂತಿದೆ ಅಂತ ನಕ್ಕಿದ್ದನಲ್ಲ! ಡಾಕ್ಟರಮ್ಮ ವಾರ್ನಿಷ್ ತೆಗೆದು, ಮುಲಾಮು ಕೊಟ್ಟು ಕಳಿಸಿದರು. ಆಮೆ ಮೆಲ್ಲಗೆ ತಿನ್ನಲು ಶುರುಮಾಡಿತು, ಅದೂ ಇವನು ಸೊಪ್ಪಿಟ್ಟು ಬಾಗಿಲಾಚೆ ಸರಿದ ಮೇಲೆ.

ಅಕ್ಕ ಕೋಲೂರಿಕೊಂಡು ಬಂದಳು. ಕೂತವಳೇ ಆಮೆಯನ್ನು ಮಡಿಲಿಗೆ ತೆಗೆದುಕೊಂಡು ಸವರಿದಳು.

"ಎಷ್ಟು ನುಣ್ಣಗಾಗಿದ್ದಾರೋ! ನನಗಿಂತ ಚೆನ್ನಾಗಿ ನೋಡ್ಕೊಂಡಿದ್ದೀಯ."

ಹೇಳಿಬಿಡಬೇಕು ಅಂತ ಮೂರು ದಿನದಿಂದ ಬಾಯಿಪಾಠ ಮಾಡಿದ್ದ ಮಾತು ಹಾಗೇ ಉಳಿಯಿತು. ನಾಚಿಕೆಗೆಟ್ಟವನು, ಹೌದು ಅನ್ನುವ ಹಾಗೆ ನಕ್ಕ.

"ತಗೋ, ನೀನೇ ತಿನ್ನಿಸು," ಅಂತ ಸೊಪ್ಪು ಕೊಟ್ಟಳು. ಅವಳ ಬೆರಳಿಗೆ ಕತ್ತು ಚಾಚಿದ್ದ ಯಜಮಾನ್ರು ಇವನ ಕೈ ಹತ್ತಿರ ಬಂದದ್ದೇ ಸರಕ್ಕನೆ ಒಳಗೆ ಹೋದರು. ಕೈ ತೆಗೆದ, ಹೊರಗೆ ಬಂದರು. ಮತ್ತೆ ಚಾಚಿದ, ಮತ್ತೆ ಒಳಗೆ.

ಅಕ್ಕನ ನಗು ನಿಂತಿತು. "ಏನ್ ಮಾಡಿದ್ಯೋ ಇವ್ರಿಗೆ?"

ಐವತ್ತು ದಾಟಿದ ಗಂಡಸು ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಮರಳು ಕಾಗದದಲ್ಲಿ ಉಜ್ಜಿದೆ ಅಕ್ಕ. ನೋವಾಗುತ್ತೆ ಅಂತ ಗೊತ್ತಿರ್ಲಿಲ್ಲ."

ಅವಳು ಬೈಯಲಿಲ್ಲ. ಆಮೆಯನ್ನು ಎತ್ತಿ, ಅವನ ಕೈಗೆಟುಕದ ಮಗ್ಗುಲಿಗೆ ಇಟ್ಟುಕೊಂಡಳು.