ಚಿಪ್ಪಿನ ಕೆಳಗಿನ ಮುಖ

ಬಂಗಾರಪೇಟೆಗೂ ಸಮುದ್ರಕ್ಕೂ ಎತ್ತಣಿಂದೆತ್ತ ಸಂಬಂಧ ಹೇಳಿ? ಆದರೂ ನನ್ನ ಸ್ಟುಡಿಯೋದಲ್ಲಿ ಮಗು ಕೂರುವಷ್ಟು ದೊಡ್ಡದೊಂದು ಚಿಪ್ಪಿದೆ. ಫೈಬರಿನದು, ಒಳಗೆಲ್ಲ ಗುಲಾಬಿ ಬಣ್ಣ. ಕುತ್ತಿಗೆ ನಿಲ್ಲದ ಕೂಸನ್ನೂ ತಂದು ಅದರಲ್ಲಿ ಒರಗಿಸಿ, ಮುತ್ತಿನ ಹಾಗೆ ಕಾಣಬೇಕು ಅಕ್ಕ, ಹಾಗೆ ತೆಗೀರಿ ಅನ್ನುತ್ತಾರೆ. ಹೆತ್ತವರಿಗೆ ಹೆಗ್ಗಣವೇ ಮುದ್ದು. ಮಗು ಕಿರುಚುತ್ತದೆ, ಉಚ್ಚೆ ಹೊಯ್ಯುತ್ತದೆ, ಆಮೇಲೆ ಚಿಪ್ಪು ಉಜ್ಜುವವಳು ನಾನು. ರಾಮೇಶ್ವರಕ್ಕೆ ಹೋಗಿಬಂದವರು ಕವಡೆ ಅಂಟಿಸಿದ ಫ್ರೇಮು ತಂದು, ಇದರೊಳಗೆ ನಮ್ಮ ಫೋಟೋ ಕೂರಿಸಿಕೊಡು ಎನ್ನುತ್ತಾರೆ. ಒಂದು ಕವಡೆ ಉದುರಿದರೂ ಜಗಳ. ಸಾವಿನ ಮನೆಗೆ ಹೋದರೆ ಅಲ್ಲಿ ಶಂಖ ಊದುವ ದಾಸಯ್ಯ. ಕೆನ್ನೆ ಉಬ್ಬಿಸಿಕೊಂಡು ಕ್ಯಾಮೆರಾ ಕಡೆಗೇ ತಿರುಗಿ ನಿಲ್ಲುತ್ತಾನೆ ಪುಣ್ಯಾತ್ಮ, ಹೆಣಕ್ಕಿಂತ ಮೊದಲು ತಾನು ಬೀಳಬೇಕು ಫೋಟೋದಲ್ಲಿ.

ನಾನು ಭಾನುಪ್ರಿಯ. ಸ್ಟೇಷನ್ ರಸ್ತೆಯಲ್ಲಿ ಅಪ್ಪ ಇಟ್ಟಿದ್ದ ಸ್ಟುಡಿಯೋ ಈಗ ನನ್ನದು. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು. ಜೋರಿಲ್ಲದಿದ್ದರೆ ಈ ಜನರ ಜೊತೆ ಏಗುವುದು ಹೇಗೆ?

ಇಂದ್ರಾಣಿ ಬಂದಾಗ ನಾನು ಆ ಚಿಪ್ಪನ್ನೇ ಉಜ್ಜುತ್ತಾ ಕೂತಿದ್ದೆ. ಕೆಜಿಎಫ್ ಚಿನ್ನದ ಗಣಿ ಕಡೆಯವಳು, ಚಾಂಪಿಯನ್ ರೀಫ್ಸ್‌ನ ಕಾರ್ಮಿಕರ ಲೈನ್ ಮನೆಗಳವಳು, ಬೆಳಗಿನ ರೈಲಿಗೆ ಬಂದಿದ್ದಳು. ಹಿಂದೆ ಅವಳ ಅತ್ತೆ ಮಾರಿಯಮ್ಮ. ಮುದುಕಿ ಒಳಗೆ ಬರದೆ ಬಾಗಿಲ ಬಳಿಯ ಬೆಂಚಿನಲ್ಲಿ ಕೂತುಬಿಟ್ಟಿತು. ಇಂದ್ರಾಣಿ ಫೋನು ತೆಗೆದು ನನ್ನ ಮುಂದಿಟ್ಟಳು.

"ಅಕ್ಕಾ, ಇದ್ರಲ್ಲಿ ನಮ್ ಪಾಪು ಮಕದ ಮೇಲೆ ಚಿಪ್ಪೈತೆ. ಅದ್ನ ಕಿತ್ತು ಕೊಡಕ್ಕ."

ನೋಡಿದೆ. ಹಳದಿ ಗೌನಿನ ಹೆಣ್ಣುಮಗು. ತೊಟ್ಟಿಲಲ್ಲಿ, ಹೊಸ್ತಿಲ ಮೇಲೆ, ಸ್ನಾನದ ಬೋಗುಣಿಯಲ್ಲಿ, ಗಣಿಯ ಹಳೇ ಕಬ್ಬಿಣದ ಗೋಪುರದ ಮುಂದೆ ಅಪ್ಪನ ಹೆಗಲ ಮೇಲೆ. ಎಷ್ಟು ಸರಿಸಿದರೂ ಮುಗಿಯದಷ್ಟು ಪಟಗಳು. ಎಲ್ಲದರಲ್ಲೂ ಮುಖ ಇರಬೇಕಾದ ಕಡೆ ಒಂದು ಚಿಪ್ಪು. ಫೋನಿನಲ್ಲೇ ಸಿಗುವ ಸ್ಟಿಕರ್ ಅದು, ಒಮ್ಮೆ ಬಿಳಿಯದು, ಒಮ್ಮೆ ಗುಲಾಬಿಯದು, ಒಮ್ಮೆ ಸುರುಳಿ ಸುತ್ತಿದ್ದು.

ನನಗೆ ರೇಗಿತು. "ಏನಮ್ಮಾ ಇದು ಅವತಾರ? ಮಗೂಗೆ ಮುಖ ಇಲ್ವಾ? ಇದ್ನೆಲ್ಲಾ ಕೀಳ್ತಾ ಕೂರೋ ಬದ್ಲು ಮಗೂನೇ ಕರ್ಕೊಂಡ್ಬಾ. ಈ ಚಿಪ್ಪಲ್ಲಿ ಕೂರ್ಸಿ ಒಂದು ಚೆನ್ನಾಗಿರೋ ಫೋಟೋ ನಾನೇ ತೆಗೀತೀನಿ."

ಬೆಂಚಿನಿಂದ ಮುದುಕಿ ಹೇಳಿತು: "ಮಗು ಓಗ್ಬಿಡ್ತು ಕಣಮ್ಮಾ. ಓದ್ ವಾರ ಮಣ್ಣು ಮಾಡುದ್ವಿ."

ಥೂ ನನ್ನ ನಾಲಿಗೆಗಿಷ್ಟು. ಎದ್ದು ಕೈ ಒರೆಸಿಕೊಂಡು ಇಂದ್ರಾಣಿಯನ್ನು ಕುರ್ಚಿಯಲ್ಲಿ ಕೂರಿಸಿದೆ, ನೀರು ಕೊಟ್ಟೆ. ಕುಡಿಯದೆ ಲೋಟ ಹಿಡಿದುಕೊಂಡೇ ಹೇಳತೊಡಗಿದಳು.

ಮಗುವಿನ ಹೆಸರು ಸಹನ, ವರ್ಷ ತುಂಬಿರಲಿಲ್ಲ. ಇವಳಿಗಿಂತ ಮೊದಲು ಹುಟ್ಟಿದ ಎರಡು ಮಕ್ಕಳೂ ಉಳಿದಿರಲಿಲ್ಲ. ಹಾಗಾಗಿ ಮಾರಿಯಮ್ಮ ಇದಕ್ಕೆ ಹುಟ್ಟಿದಾಗಲೇ ಉಡಿದಾರಕ್ಕೆ ಕವಡೆ ಕಟ್ಟಿ, ದೇವರಿಗೆ ಮುಡಿ ಕೊಡುವ ತನಕ ಯಾರೂ ಪಟ ತೆಗೆಯಕೂಡದು, ದೃಷ್ಟಿಯಾಗುತ್ತೆ ಎಂದು ಕಟ್ಟು ಮಾಡಿದ್ದಳು. ಬಂದ ನೆಂಟರ ಫೋನನ್ನೂ ಬಾಗಿಲಲ್ಲೇ ಇಡಿಸಿಕೊಳ್ಳುತ್ತಿದ್ದಳಂತೆ. ಮಗುವಿಗೆ ಆಧಾರ್ ಕೂಡ ಮಾಡಿಸಿರಲಿಲ್ಲ.

"ಎಲ್ರೂ ಅವ್ರವ್ರ ಮಕ್ಳುನ್ನ ಸ್ಟೇಟಸ್‌ಗೆ ಆಕ್ಕೊಂತಾರೆ. ನಂಗೂ ಆಸೆ ಇರಲ್ವಾ ಅಕ್ಕಾ? ಕವಡೆ ಕಟ್ಟುದ್ರೆ ದೃಷ್ಟಿ ತಾಗಲ್ಲ ಅಂದ್ಮೇಲೆ ಮಕಕ್ಕೂ ಅದ್ನೇ ಇಡೋಣ ಅಂತ ಚಿಪ್ಪು ಇಡ್ತಿದ್ದೆ. ಅತ್ತೇನೂ ಊಂ ಅಂದ್ರು."

ಊಂ ಅಂದರೂ ಮುದುಕಿಗೆ ನೆಮ್ಮದಿಯಿಲ್ಲ. ಚಿಪ್ಪಿಡದ ಪಟ ಫೋನಿನಲ್ಲಿ ಒಂದು ಗಳಿಗೆಯೂ ಇರಬಾರದೆಂದು ಪಕ್ಕದಲ್ಲೇ ಕೂತು ಸೊಸೆಯಿಂದ ಅಳಿಸಿಸುತ್ತಿತ್ತು. ಇಂದ್ರಾಣಿ ಬೇಸರವಿಲ್ಲದೆ ಅಳಿಸಿದಳು.

"ಯಾಕೆ ಅಳಿಸ್ದೆ ಮಾರಾಯ್ತೀ?" ಎಂದೆ.

"ಮಕ ಕೆಳಗಡೆ ಇರ್ತದಲ್ಲಕ್ಕ! ಅಣೇಲಿರೋ ಬೊಟ್ಟು ಕಿತ್ತಂಗೆ ಕಿತ್ರೆ ಆಯ್ತು ಅಂದ್ಕೊಂಡಿದ್ದೆ. ಮುಡಿ ಕೊಟ್ಟ್ ದಿನ ಒಂದೊಂದೇ ಕಿತ್ತು ಎಲ್ರಿಗೂ ತೋರ್ಸೋಣ ಅಂತ ಕಾಯ್ತಿದ್ದೆ."

ಜ್ವರ ಬಂದು ಎರಡು ದಿನದಲ್ಲಿ ಮಗು ತೀರಿಕೊಂಡಿತು. ಎಳೆಯ ಕೂಸಿಗೆ ನಮ್ಮ ಕಡೆ ಶಂಖ ಊದುವುದಿಲ್ಲ, ಪಟ ತೆಗೆಯುವುದಿಲ್ಲ. ಹೊತ್ತು ಮುಳುಗುವ ಮೊದಲೇ ಬಟ್ಟೆ ಸುತ್ತಿ ಗಂಡಸರು ಎತ್ತಿಕೊಂಡು ಹೋದರು. ಇಂದ್ರಾಣಿಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ.

ನಾನು ಹುಡುಕಿದೆ. ಅಳಿಸಿದ ಪಟಗಳು ಹೋಗಿ ಬೀಳುವ ಜಾಗ ನೋಡಿದೆ. ಫೋನಿನಲ್ಲಿ ಜಾಗ ಸಾಲದೆಂದು ಇಂದ್ರಾಣಿ ಅದನ್ನೂ ಖಾಲಿ ಮಾಡಿದ್ದಳು. ವಾಟ್ಸಾಪಿನಲ್ಲಿ ಕಳಿಸಿದ್ದೆಲ್ಲ ತೆರೆದೆ. ಅವಳ ಗಂಡ ಸೆಲ್ವರಾಜನಿಗೆ ಕರೆ ಮಾಡಿಸಿ ಅವನ ಫೋನಿನಲ್ಲೂ ನೋಡಿಸಿದೆ. ಎಲ್ಲ ಕಡೆಯೂ ಚಿಪ್ಪು, ಚಿಪ್ಪು, ಚಿಪ್ಪು. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿದರೂ ಬಂದದ್ದು ಯಾರದೋ ಮದುವೆ ಕಾರ್ಡು.

"ಕೆಳಗೆ ಏನೂ ಇಲ್ಲ ಕಣೆ ಇಂದ್ರಾಣಿ," ಎಂದೆ. "ಚಿಪ್ಪಿಟ್ಟು ಸೇವ್ ಮಾಡ್ದಾಗ್ಲೇ ಮುಖ ಹೋಯ್ತು."

"ಅದೆಂಗೋಗ್ತದೆ? ನಾನೇ ಮುಚ್ಚಿದ್ದು, ನಾನು ನೋಡಿ ಮುಚ್ಚಿದ್ದು!" ಎಂದು ಕೂಗಿದಳು. "ನಿಂಗೆ ಬರಲ್ಲಾಂದ್ರೆ ಬರಲ್ಲ ಅನ್ನು. ಬೇರೆಯೋರತ್ರ ಓಗ್ತೀನಿ."

ಬೇರೆಯವರು ಏನು ಮಾಡುತ್ತಾರೆಂದು ನನಗೆ ಗೊತ್ತು. ಹರಿದುಹೋದ ಹಳೇ ಪಟಕ್ಕೆ ಕಂಪ್ಯೂಟರೇ ಕಣ್ಣು ಮೂಗು ತುಂಬಿಸಿಕೊಡುವ ಆ್ಯಪು ಈಗ ಎಲ್ಲರ ಹತ್ತಿರವೂ ಇದೆ, ನನ್ನ ಹತ್ತಿರವೂ ಇದೆ. ಚಿಪ್ಪು ಕಿತ್ತೆವು ನೋಡಮ್ಮ ಎಂದು ಸುಳ್ಳು ಹೇಳಿ ಯಾವುದೋ ಮುಖ ಅಂಟಿಸಿ ಕಳಿಸುತ್ತಾರೆ. ಅದಕ್ಕಿಂತ ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ವಾಸಿ ಎನಿಸಿತು. ಇದು ಕಂಪ್ಯೂಟರ್ ತನ್ನ ತಲೆಯಿಂದ ಕಟ್ಟುವ ಮುಖ, ನಿನ್ನ ಮಗುವಿನದಲ್ಲ ಎಂದು ಬಿಡಿಸಿ ಹೇಳಿದೆ. ಅವಳು ಕಣ್ಣೊರೆಸಿಕೊಂಡು ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡಳು.

"ಮಾಡಕ್ಕ. ಎಂಗಿತ್ತು ಅಂತ ನಾನು ಪಕ್ದಲ್ಲೇ ಕೂತ್ಕೊಂಡು ಏಳ್ತೀನಿ. ಎತ್ತೋಳು ನಾನು. ನಂಗೊತ್ತಿಲ್ವಾ ನನ್ ಮಗು ಮಕ?"

ಒಂದು ಪಟದಲ್ಲಿ ಚಿಪ್ಪು ಸ್ವಲ್ಪ ಜರುಗಿ ಒಂದು ಕಿವಿ, ಗದ್ದದ ಒಂದು ತುದಿ ಉಳಿದಿತ್ತು. ಅದನ್ನೇ ಆ್ಯಪಿಗೆ ಹಾಕಿದೆ. ಪರದೆಯ ಮೇಲೆ ಚಿಪ್ಪು ಮಾಯವಾಗಿ ಗುಂಡು ಮುಖದ ಒಂದು ಮಗು ನಕ್ಕಿತು. ಇಂದ್ರಾಣಿ ಉಸಿರು ಬಿಗಿಹಿಡಿದು ನೋಡಿ, "ಅಲ್ಲ," ಅಂದಳು. "ಮೂಗು ಇಷ್ಟುದ್ದ ಇಲ್ಲ. ಮೊಂಡು ಮೂಗು, ಅವ್ರಪ್ಪಂದು." ಮೂಗು ಚಿಕ್ಕದು ಮಾಡಿದೆ. "ಕಣ್ಣು ಇಷ್ಟಗಲ ಬೇಡ." ಮಾಡಿದೆ. "ಕೆನ್ನೆ ಇನ್ನೊಂಚೂರು." ಮಾಡಿದೆ. ಮೊದಮೊದಲು ಪಟಪಟನೆ ಹೇಳುತ್ತಿದ್ದಳು, ಖುಷಿಯೂ ಇತ್ತು. ಹಾಂ, ಬತ್ತಾವ್ಳೆ ಬತ್ತಾವ್ಳೆ, ಎಂದು ನನ್ನ ತೋಳು ಹಿಡಿದುಕೊಂಡಳು. ನನಗೂ ಹುರುಪು ಬಂದು ಊಟದ ಹೊತ್ತು ಮರೆತೆ.

ಆಮೇಲಾಮೇಲೆ ಹೇಳುವುದು ನಿಧಾನವಾಯಿತು. ಚಿಕ್ಕದು ಮಾಡು ಎಂದಿದ್ದ ಮೂಗನ್ನು ಮೊದಲಿನಂತೆಯೇ ಮಾಡು ಎಂದಳು. ಮಾಡಿದರೆ ಅದೂ ಅಲ್ಲ ಎಂದಳು. ಹುಬ್ಬು ಕೂಡಿತ್ತೋ ಬಿಟ್ಟಿತ್ತೋ ಎಂದು ಕೇಳಿದೆ. ಅವಳು ಕಣ್ಣು ಮುಚ್ಚಿದಳು. ಬಹಳ ಹೊತ್ತು ಮುಚ್ಚಿಕೊಂಡೇ ಇದ್ದಳು. ತೆರೆದು ನನ್ನ ಕಡೆ ತಿರುಗಿದಳು.

"ಅಕ್ಕಾ, ಬೆಳಿಗ್ಗೆ ಗಂಟ ಕಣ್ಮುಚ್ಚುದ್ರೆ ಕಾಣ್ತಿದ್ಲು," ಎಂದಳು. "ಈಗ ನೀನು ಮಾಡಿದ್ ಮಕಗಳೇ ಬತ್ತಾವೆ. ಅವ್ಳು ಬತ್ತಿಲ್ಲ. ಅಯ್ಯೋ ಅಕ್ಕಾ, ಅವ್ಳು ಬತ್ತಿಲ್ಲ!"

ನಾನು ತಟ್ಟನೆ ಪರದೆ ಆರಿಸಿದೆ. ಬೇರೆಯವರಂತೆ ನಾನು ಮೋಸ ಮಾಡುವುದಿಲ್ಲ ಎಂದುಕೊಂಡವಳು ಅವಳ ಕಣ್ಣೊಳಗೆ ಉಳಿದಿದ್ದ ಒಂದೇ ಮುಖವನ್ನೂ ಕಿತ್ತುಕೊಂಡಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. "ಮನೆಗೆ ಹೋಗೇ, ನಿದ್ದೆ ಮಾಡು, ಬಂದೇ ಬರ್ತಾಳೆ," ಎಂದು ಏನೇನೋ ಹೇಳಿದೆ. ಅವಳು ತಲೆ ಚಚ್ಚಿಕೊಳ್ಳತೊಡಗಿದಳು.

ಆಗ ಮುದುಕಿ ಬೆಂಚಿನಿಂದ ಎದ್ದು ಒಳಗೆ ಬಂದಿತು. ಸೊಸೆಯ ಎರಡೂ ಕೈ ಹಿಡಿದುಕೊಂಡು ನನಗೆ ಹೇಳಿತು: "ಆಕಮ್ಮಾ ಅದ್ನ. ನಾನು ನೋಡ್ತೀನಿ."

ಪರದೆ ಹೊತ್ತಿಸಿದೆ. ಕೊನೆಯಲ್ಲಿ ಉಳಿದಿದ್ದ ಮುಖ ಬಂತು. ಮುದುಕಿ ಬಗ್ಗಿ ನೋಡಿತು. ಒಂದು ಕ್ಷಣ ನನ್ನ ಕಡೆ ತಿರುಗಿದ ಆ ಕಣ್ಣಲ್ಲಿ, ಇದು ಯಾರದೋ ಮಗು ಎಂದು ಬರೆದಿಟ್ಟ ಹಾಗಿತ್ತು. ಆಮೇಲೆ ಸೊಸೆಗೆ ಹೇಳಿತು:

"ಇವ್ಳೇ ಕಣಮ್ಮಾ. ನಮ್ ಸಹನಾನೇ."

"ದಿಟ್ವಾಗ್ಲೂ ಅತ್ತೆ?"

"ನಾನು ಎಣ್ಣೆ ನೀರಾಕಿ ಸಾಕಿದ್ ಮಗು. ನಂಗೊತ್ತಿಲ್ವಾ?"

"ಉಬ್ಬು ಇಂಗೇ ಇತ್ತಾ?"

"ಇಂಗೇ ಇತ್ತು ತಾಯೀ. ನಡಿ, ಮನೆಗೋಗಾಣ."

ನಾನು ಪ್ರಿಂಟ್ ಹಾಕಿ ಕೊಟ್ಟೆ. ಇಂದ್ರಾಣಿ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು. ಮುದುಕಿ ಮೆಟ್ಟಿಲಿಳಿದು, ಸೊಸೆಗೆ ಕಾಣದಂತೆ ಗೋಡೆಗೆ ಮುಖ ಮಾಡಿ ನಿಂತಿತು. ಬೆನ್ನು ಅಲುಗುತ್ತಿತ್ತು.

ಬಾಗಿಲವರೆಗೆ ಹೋದ ಇಂದ್ರಾಣಿ ನಿಂತಳು. ಪಟ ಹೊರತೆಗೆದು ಮತ್ತೊಮ್ಮೆ ನೋಡಿದಳು. ಅಲ್ಲಿಂದಲೇ ಅದನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

"ಅಕ್ಕಾ, ನೀನೂ ಒಂದ್ಕಿತ ನೋಡಿ ಏಳು. ನನ್ ಮಗು ಇಂಗೇ ಇತ್ತಲ್ವಾ?"

ಆ ಮಗುವನ್ನು ನಾನು ಒಂದು ದಿನವೂ ಕಂಡವಳಲ್ಲ.

"ಹೂಂ ಕಣೆ," ಎಂದೆ. "ಇಂಗೇ ಇತ್ತು."