ರಬ್ಬರ್ ಕೂಸಿನ ಪಾಠ

ಬಸವಕಲ್ಯಾಣದ ಸಮೀಪದ ಆರೋಗ್ಯ ಕೇಂದ್ರವೊಂದರಲ್ಲಿ ಹೆರಿಗೆ ಮಾಡಿಸುತ್ತಲೇ ತಲೆ ನರೆಸಿಕೊಂಡ ದ್ರೌಪತಿ ಸಿಸ್ಟರ್‌ಗೆ, ಹುಮನಾಬಾದಿನ ತರಬೇತಿಗೆ ಹೋಗಬೇಕೆಂಬ ಆದೇಶ ಬಂದಾಗ ಮೈಯೆಲ್ಲ ಉರಿಯಿತು.

"ಅರ್ಧ ತಾಲೂಕು ನನ್ನ ಕೈಯಾಗ ಹುಟ್ಯಾದ. ನನಗೇನು ಕಲಸ್ತಾರಂತ ಇವರು?" ಎಂದು ಬಸ್ಸಿನುದ್ದಕ್ಕೂ ಪಕ್ಕದವಳ ತಲೆ ತಿಂದಳು.

ಕಲಿಸಲು ಬಂದ ಡಾಕ್ಟರ್ ಸ್ನೇಹಲಳಿಗೆ ದ್ರೌಪತಿಯ ಮಗಳ ವಯಸ್ಸು. ಮೇಜಿನ ಮೇಲೆ ರಬ್ಬರ್ ಕೂಸೊಂದನ್ನು ಮಲಗಿಸಿ, "ಈಗ ಹುಟ್ಟೇದ, ಅಳವಲ್ದು. ಏನ್ ಮಾಡ್ತೀರಿ ಸಿಸ್ಟರ್?" ಎಂದಳು.

ದ್ರೌಪತಿ ಸೆರಗು ಸಿಕ್ಕಿಸಿ ಎದ್ದಳು. ಕೂಸಿನ ಕಾಲು ಹಿಡಿದು ತಲೆಕೆಳಗಾಗಿ ಎತ್ತಿ ಬೆನ್ನಿಗೆ ಫಟ್ಟನೆ ಬಾರಿಸಿದಳು. ಅದು ಕೈಜಾರಿ, ಮುಂದಿನ ಸಾಲಿನಲ್ಲಿ ಕೂತಿದ್ದ ಕಾಂಪೌಂಡರ್ ಶರಣಕುಮಾರನ ಮಡಿಲಿಗೆ ಹಾರಿತು. ಕೋಣೆಯೆಲ್ಲ ನಗು.

ಸ್ನೇಹಲ ಮಾತ್ರ ನಗಲಿಲ್ಲ. "ಖರೇ ಕೂಸಿದ್ರ ಪೆಟ್ಟಾಗ್ತಿತ್ರಿ. ಮೊದ್ಲು ಒಣ ಬಟ್ಟಿಲೆ ಒರಸ್ರಿ, ಬೆನ್ನು ತಿಕ್ರಿ. ಅಷ್ಟಕ್ಕೂ ಉಸಿರಾಡಲಿಲ್ಲಂದ್ರ ಈ ಮಾಸ್ಕ್ ಇಟ್ಟು ಗಾಳಿಚೀಲ ಒತ್ರಿ. ಎದಿ ಏಳಬೇಕು."

ದ್ರೌಪತಿ ಒತ್ತಿದಳು. ಎದೆ ಏಳಲಿಲ್ಲ. ಉಳಿದವರು ಚಹಾಕ್ಕೆ ಹೋದರೂ ಅವಳು ಹಟ ಬಿಡಲಿಲ್ಲ. "ಏಳು ನಮ್ಮವ್ವ, ಎಲ್ಲಾರ ಮುಂದ ಮರ್ಯಾದಿ ತಗದಿ" ಎಂದು ಕೂಸನ್ನು ಬೈಯುತ್ತ, ಅದರ ತಲೆಯನ್ನು ತುಸು ಹಿಂದಕ್ಕೆ ವಾಲಿಸಿ ಮಾಸ್ಕ್ ಸರಿಯಾಗಿ ಕೂಡಿಸಿದಾಗ, ಪುಟ್ಟ ಎದೆ ಮೇಲೆದ್ದಿತು. ದ್ರೌಪತಿ ಸುತ್ತ ನೋಡಿದಳು. ನೋಡುವವರು ಯಾರೂ ಇರಲಿಲ್ಲ!

ಮುಂದಿನ ವಾರ ಮೋರಖಂಡಿಯ ಗಜಾಲಾ ಹೆರಿಗೆಗೆ ಬಂದಳು. ಹುಟ್ಟಿದ ಕೂಸು ಅಳಲಿಲ್ಲ. ಒರೆಸಿ ಬೆನ್ನು ತಿಕ್ಕಿದರೂ ನೀಲಿಯಾಗಿಯೇ ಇತ್ತು.

"ಉಲ್ಟಾ ಹಿಡದು ಎರಡು ಬಿಗೀರಿ ಸಿಸ್ಟರ್!" ಗಜಾಲಾಳ ಅತ್ತೆ ಜೈನಬಿ ಕೂಗಿದಳು. "ನನ್ನ ಅಲ್ತಾಫ್ ಹುಟ್ಟಿದಾಗ ನೀವೇ ಹಂಗ ಹೊಡದಿದ್ರಿ!"

ದ್ರೌಪತಿಯ ಕೈ ಕೂಸಿನ ಕಾಲಿನತ್ತ ಹೋಗಿಯೇಬಿಟ್ಟಿತು. ಅಷ್ಟರಲ್ಲಿ ಎಚ್ಚೆತ್ತು ಮಾಸ್ಕ್ ಎತ್ತಿಕೊಂಡಳು. ಒತ್ತಿದಳು, ಬಿಟ್ಟಳು, ಒತ್ತಿದಳು. ಎದೆ ಏರಿತು, ಇಳಿಯಿತು. ನೀಲಿ ಮೈ ಮೆಲ್ಲನೆ ಕೆಂಪೇರಿತು. ಕೂಸು ಒಮ್ಮೆ ಸೀನಿ, ಆಮೇಲೆ ಸೂರು ಹಾರಿಹೋಗುವಂತೆ ಕಿರುಚಿತು.

ಜೈನಬಿ ಕಣ್ಣೊರೆಸಿಕೊಂಡವಳೇ ಸೊಂಟಕ್ಕೆ ಕೈಯಿಟ್ಟಳು. "ಅಂದ್ರ ನನ್ನ ಮಗ ಸುಮ್‌ಸುಮ್ನೆ ಹೊಡತ ತಿಂದ್ನೇನು?"

"ಹೌದ್ರಿ ಜೈನಬಿ. ಆವಾಗ ನನಗ ಅಷ್ಟೇ ಗೊತ್ತಿತ್ತು."

ಬಾಗಿಲಾಚೆ ಅಲ್ತಾಫ್ ಉಗುರು ಕಚ್ಚುತ್ತ ನಿಂತಿದ್ದ. ದ್ರೌಪತಿ ಹೊರಬಂದು, "ಮಾಫ್ ಮಾಡಪಾ" ಎಂದಳು. ಅವನು ಹೌಹಾರಿದ.

"ಯಾಕ್ರಿ, ಏನಾತ್ರಿ?"

"ಏನಿಲ್ಲೋ, ಮಗಳು ಹುಟ್ಯಾಳ. ದನಿ ಕೇಳಾಕತ್ತಿಲ್ಲೇನು?"